ಬಾತ್‌ರೂಮಿನ ಕಾಂಕ್ರೀಟ್ ಕಟ್ಟೆಗೆ ಯಾವ ಸೀಲರ್?

ಪ್ರಶ್ನೆ: ಪುಣೆಯ ವಾಕಡ್‌ನಲ್ಲಿ 7ನೇ ಮಹಡಿಯ ಫ್ಲ್ಯಾಟ್ ನಮ್ಮದು. ಬಾತ್‌ರೂಮ್ ಹೊಸದಾಗಿ ಮಾಡಿಸುತ್ತಿದ್ದೇವೆ. ವಾಶ್‌ಬೇಸಿನ್ನಿಗೆ ಗ್ರಾನೈಟ್ ಬದಲು ಕಾಂಕ್ರೀಟ್ ಕೌಂಟರ್‌ಟಾಪ್ ಇರಲಿ ಎಂದು ಇಂಡಿ ಕಡೆಯ ಗವಂಡಿಯೊಬ್ಬರಿಂದ ಟೆರೇಸ್ ಮೇಲೆ ಎರಕ ಹೊಯ್ಯಿಸಿದೆವು. 4 ಅಡಿ ಉದ್ದ, 22 ಇಂಚು ಅಗಲ, ಒಂದೂವರೆ ಇಂಚು ದಪ್ಪ. ಹೊಯ್ದು 12 ದಿನವಾಯಿತು. ಅಚ್ಚು ಬಿಚ್ಚಿದಾಗ ಮೇಲ್ಮೈಯಲ್ಲಿ ಸೂಜಿಮೊನೆಯಷ್ಟು ತೂತುಗಳು, ಅಲ್ಲಲ್ಲಿ ಬಿಳಿ ಮಚ್ಚೆ ಕಂಡವು. ಯಾವ ಸೀಲರ್ ಹಚ್ಚಿದರೆ ಕಲೆಯಾಗುವುದಿಲ್ಲ? ಈಗ ಕತ್ತರಿಸಿ ಅಂಡರ್‌ಕೌಂಟರ್ ಬೇಸಿನ್ ಕೂರಿಸಬಹುದೇ? ನಮ್ಮಲ್ಲಿ ಟ್ಯಾಂಕರ್ ನೀರೇ ಹೆಚ್ಚು. ಅತ್ತೆಯವರು ಮೆಹಂದಿ, ಸೀಗೆಕಾಯಿ ಬಿಡುವವರಲ್ಲ. ಗಣೇಶ ಚತುರ್ಥಿಗೆ ಇನ್ನು 3 ವಾರವಿದೆ, ನೆಂಟರು ಬರುತ್ತಾರೆ. ಅಷ್ಟರೊಳಗೆ ಮುಗಿಯುತ್ತದೆಯೇ?

ಉತ್ತರ: ಮುಗಿಯುವುದಿಲ್ಲ. ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಟ್ಟುಬಿಟ್ಟೆ, ಯಾಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಹಬ್ಬದ ದಿನಕ್ಕೆ ಬೇರೆ ಉಪಾಯವಿದೆ, ಅದನ್ನು ಕಡೆಗೆ ಹೇಳುತ್ತೇನೆ.

"ಯಾವ ಸೀಲರ್" ಎಂಬ ಪ್ರಶ್ನೆ ನನಗೆ ತಿಂಗಳಿಗೆ ಒಂದೆರಡಾದರೂ ಬರುತ್ತದೆ. ಕೇಳುವವರ ಮನಸ್ಸಿನಲ್ಲಿರುವುದು ಒಂದು ಡಬ್ಬಿಯ ಹೆಸರು. ಆದರೆ ಪುಣೆಯಲ್ಲಿ ಇಷ್ಟು ವರ್ಷ ಕಾಂಕ್ರೀಟಿನ ಕಟ್ಟೆಗಳನ್ನು ಹೊಯ್ದು, ಕೂರಿಸಿ, ಕೆಲವನ್ನು ಕಿತ್ತು ಮತ್ತೆ ಕೂರಿಸಿದ ಮೇಲೆ ನಾನು ಕಂಡುಕೊಂಡದ್ದು ಬೇರೆ. ಕೆಟ್ಟುಹೋದ ಹತ್ತರಲ್ಲಿ ಎಂಟು ಕಡೆ ಡಬ್ಬಿಯ ತಪ್ಪಿರಲಿಲ್ಲ. ಒಂದೋ ಒಳಗಿನ ತೇವ ಆರುವ ಮೊದಲೇ ಹಚ್ಚಿದ್ದರು, ಇಲ್ಲವೇ ಮನೆಯಲ್ಲಿ ಯಾರೋ ಆಸಿಡ್ ಹಾಕಿ ತೊಳೆದಿದ್ದರು. ನಿಮ್ಮ ಪತ್ರದಲ್ಲಿ ಈ ಎರಡೂ ಅಪಾಯಗಳು ಒಟ್ಟಿಗೇ ಕಾಣುತ್ತಿವೆ. ಈಗ ಮಳೆಗಾಲ, ಮತ್ತು ನಿಮ್ಮದು ಟ್ಯಾಂಕರ್ ನೀರು.

ಮೊದಲು ಆ ನೀರಿನ ವಿಷಯ. ಪವನಾ ಅಣೆಕಟ್ಟಿನ ಕಾರ್ಪೊರೇಷನ್ ನೀರು ಮೆದು. ಟ್ಯಾಂಕರ್ ನೀರು ಹೆಚ್ಚಾಗಿ ಬೋರ್‌ವೆಲ್‌ನದು, ಗಡಸು. ನಿಮ್ಮ ನಲ್ಲಿಯ ಮೂತಿಗೆ, ಶವರ್ ತೂತುಗಳಿಗೆ ಬಿಳಿ ಪೊರೆ ಕಟ್ಟಿರುತ್ತದೆ, ನೋಡಿ. ಅದು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ನಿಮ್ಮ ಕಟ್ಟೆಯ ಮೇಲ್ಮೈಯಲ್ಲಿರುವುದು ಯಾವುದು? ಸಿಮೆಂಟು ಗಟ್ಟಿಯಾಗುವಾಗ ಹುಟ್ಟಿದ ಸುಣ್ಣ, ಮತ್ತು ಆ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಆದ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್. ಕಲೆಯೂ ಕಟ್ಟೆಯೂ ಒಂದೇ ಮನೆತನ. ಕಲೆಯನ್ನು ಕರಗಿಸುವ ಹುಳಿ ಕಟ್ಟೆಯನ್ನೂ ಕರಗಿಸುತ್ತದೆ. ನಮ್ಮ ಮನೆಗಳಲ್ಲಿ ಟಾಯ್ಲೆಟ್ಟಿಗೆ ಬಳಸುವ ಕ್ಲೀನರ್‌ನಲ್ಲಿ ಶೇಕಡಾ 10ರಷ್ಟು ಹೈಡ್ರೋಕ್ಲೋರಿಕ್ ಆಮ್ಲ ಇರುವುದು ಸಾಮಾನ್ಯ. ಬರಿಯ ಕಾಂಕ್ರೀಟಿನ ಮೇಲೆ ಅದರ ಒಂದು ಹನಿ ಬಿದ್ದರೆ ಚುಸ್ಸೆಂದು ನೊರೆ ಬಂದು, ಒರೆಸುವಷ್ಟರಲ್ಲಿ ಅಲ್ಲಿ ಒರಟು ಬಿಳಿ ಗುಳಿ ಉಳಿಯುತ್ತದೆ. ಅದು ಕಲೆಯಲ್ಲ, ಗಾಯ. ತೊಳೆದರೆ ಹೋಗುವುದಿಲ್ಲ, ಮತ್ತೆ ಉಜ್ಜಿ ಪಾಲಿಶ್ ಮಾಡಬೇಕು. ನಿಂಬೆ, ವಿನೆಗರ್, ತಾಮ್ರದ ಚೊಂಬು ತಿಕ್ಕಿದ ಹುಣಸೆಹಣ್ಣು ಎಲ್ಲವೂ ಇದೇ ಕೆಲಸವನ್ನು ನಿಧಾನವಾಗಿ ಮಾಡುತ್ತವೆ. ಸೀಗೆಕಾಯಿಗೂ ಸ್ವಲ್ಪ ಹುಳಿಗುಣವಿದೆ, ಅದಕ್ಕಿಂತ ಹೆಚ್ಚಾಗಿ ಅದರ ಕಂದು ಬಣ್ಣ ಇಳಿಯುತ್ತದೆ. ಮೆಹಂದಿಯ ಕಥೆ ಹೇಳಬೇಕಿಲ್ಲ, ಅಂಗೈಗೇ ಅಷ್ಟು ಹಿಡಿಯುತ್ತದೆ.

ಸೀಲರ್‌ಗಳಲ್ಲಿ ಎರಡು ಜಾತಿ ಇರುವುದು ಇಲ್ಲಿ ಮುಖ್ಯವಾಗುತ್ತದೆ. ಒಂದು, ಒಳಗೆ ಇಳಿಯುವಂಥದ್ದು: ಸಿಲೇನ್, ಸಿಲಾಕ್ಸೇನ್ ಬಗೆಯವು. ಇವು ರಂಧ್ರಗಳ ಗೋಡೆಗೆ ಅಂಟಿಕೊಂಡು ನೀರನ್ನು ದೂರ ಇಡುತ್ತವೆ. ಕಾಂಕ್ರೀಟಿನ ಬಣ್ಣ, ಮುಟ್ಟಿದಾಗಿನ ತಂಪು ಹಾಗೆಯೇ ಉಳಿಯುತ್ತದೆ. ಮೇಲೆ ಪೊರೆ ಇಲ್ಲದ್ದರಿಂದ ಸುಲಿಯುವ ಪ್ರಶ್ನೆಯೇ ಇಲ್ಲ. ಆದರೆ ಪೊರೆ ಇಲ್ಲದ್ದರಿಂದಲೇ ಹುಳಿ ನೇರ ಸಿಮೆಂಟಿಗೆ ತಾಗುತ್ತದೆ. ಎರಡನೆಯದು ಮೇಲೆ ಪೊರೆಯಾಗಿ ಕೂರುವಂಥದ್ದು: ಅಕ್ರಿಲಿಕ್, ಎಪಾಕ್ಸಿ, ಪಾಲಿಯುರಿಥೇನ್. ಇವು ಹುಳಿಗೂ ಬಣ್ಣಕ್ಕೂ ಅಡ್ಡ ನಿಲ್ಲುತ್ತವೆ, ಬದಲಿಗೆ ಗೀರು ಬೀಳುತ್ತದೆ, ಕೆಳಗೆ ತೇವ ಇದ್ದರೆ ಹಾಲುಬಣ್ಣಕ್ಕೆ ತಿರುಗುತ್ತವೆ ಅಥವಾ ಎದ್ದುಬರುತ್ತವೆ. ಅಕ್ರಿಲಿಕ್ ಅಗ್ಗ, ಬಾತ್‌ರೂಮಿಗೆ ಸಾಲದು. ಎಪಾಕ್ಸಿ ಗಟ್ಟಿ, ಆದರೆ ಕಿಟಕಿಯ ಬಿಸಿಲು ತಾಗಿದರೆ ಹಳದಿಯಾಗುತ್ತದೆ, ಮೇಲಾಗಿ ಕಾಂಕ್ರೀಟು ಪ್ಲಾಸ್ಟಿಕ್ಕಿನಂತೆ ಕಾಣತೊಡಗುತ್ತದೆ.

ನನ್ನ ಸ್ವಂತ ಮನೆಗಾಗಿದ್ದರೆ ಒಳಗಿಳಿಯುವ ಸೀಲರನ್ನೇ ಹಚ್ಚುತ್ತಿದ್ದೆ. ಎರಡು ಕಲೆ ಬಿದ್ದರೆ ಬೀಳಲಿ, ಕಾಂಕ್ರೀಟಿಗೆ ವಯಸ್ಸಾಗುವುದು ನನಗೆ ಇಷ್ಟ. ನಿಮ್ಮ ಮನೆಗೆ ಹಾಗೆ ಹೇಳಲಾರೆ. ಗಡಸು ನೀರು, ಮೆಹಂದಿ, ಕೊಬ್ಬರಿ ಎಣ್ಣೆ, ಬೆಳಿಗ್ಗೆ ಅರ್ಧ ತಾಸಿನಲ್ಲಿ ನಾಲ್ಕು ಮನೆ ಮುಗಿಸಬೇಕಾದ ಮನೆಗೆಲಸದಾಕೆ, ಇಷ್ಟೂ ಇರುವ ಕಡೆ ನೀರಿನಾಧಾರದ ಎರಡು ಭಾಗದ ಪಾಲಿಯುರಿಥೇನ್, ಮ್ಯಾಟ್ ಫಿನಿಶ್, ಅದೇ ಕಂಪನಿಯ ಪ್ರೈಮರ್ ಮೇಲೆ. ಪ್ರೈಮರ್ ಒಬ್ಬರದು, ಮೇಲಿನ ಕೋಟು ಇನ್ನೊಬ್ಬರದು ಎಂದು ಬೆರೆಸಬೇಡಿ. ಹಾಗೆ ಮಾಡಿ ಸುಲಿದುಬಂದರೆ ಇಬ್ಬರೂ ಕೈ ತೊಳೆದುಕೊಳ್ಳುತ್ತಾರೆ.

ಆದರೂ "ಕಲೆಯೇ ಆಗದ" ಕಾಂಕ್ರೀಟ್ ಇಲ್ಲ. ಹೇರ್ ಡೈ ಹತ್ತು ನಿಮಿಷ ನಿಂತರೆ ಪಾಲಿಯುರಿಥೇನ್ ಪೊರೆಗೂ ಬಣ್ಣ ಹಿಡಿಯಬಹುದು. ಒಂದೇ ಒಂದು ಗುರುತೂ ಸಹಿಸಲಾರೆವು ಅನ್ನುವ ಮನೆಯಾದರೆ ಈಗಲೂ ಕಾಲ ಮಿಂಚಿಲ್ಲ, ಕಪ್ಪು ಗ್ರಾನೈಟ್ ತನ್ನಿ. ಈ ಹಲಗೆ ಬಾಲ್ಕನಿಯಲ್ಲಿ ತುಳಸಿ ಕುಂಡಕ್ಕೆ ಒಳ್ಳೆಯ ಕಟ್ಟೆಯಾಗುತ್ತದೆ. ತಮಾಷೆಗೆ ಹೇಳುತ್ತಿಲ್ಲ, ಹಾಗೆ ಮಾಡಿದ ಮನೆಯವರು ಈಗ ಸುಖವಾಗಿದ್ದಾರೆ.

"ನಮ್ಮ ಅಜ್ಜಿಯ ಮನೆಯ ರೆಡ್ ಆಕ್ಸೈಡ್ ನೆಲ ಯಾವ ಸೀಲರ್ ಇಲ್ಲದೆ ಕನ್ನಡಿಯ ಹಾಗಿತ್ತಲ್ಲ" ಎಂದು ಕೇಳುವವರೂ ಇದ್ದಾರೆ. ಧಾರವಾಡದ ನಮ್ಮ ಮನೆಯ ನೆಲವೂ ಹಾಗೆಯೇ ಇತ್ತು. ಆ ನೆಲ ಹದಕ್ಕೆ ಬರುವ ಹೊತ್ತಿನಲ್ಲಿ ಗವಂಡಿ ಕುಕ್ಕರಗಾಲಲ್ಲಿ ಕೂತು ಕರಣೆಯಿಂದ ಒತ್ತಿ ಒತ್ತಿ ತಿಕ್ಕಿ ಮೇಲ್ಮೈಯ ರಂಧ್ರಗಳನ್ನು ಮುಚ್ಚಿಬಿಡುತ್ತಿದ್ದ. ಆಮೇಲೆ ವರ್ಷಗಟ್ಟಲೆ ಬರಿಗಾಲು, ಒದ್ದೆ ಬಟ್ಟೆ, ಆಗೀಗ ಕೊಬ್ಬರಿ ಎಣ್ಣೆಯ ಕೈ. ಮತ್ತು ಆ ನೆಲಕ್ಕೆ ಯಾರೂ ಆಸಿಡ್ ಸುರಿಯುತ್ತಿರಲಿಲ್ಲ. ನಿಮ್ಮ ಹಲಗೆ ಸನ್‌ಮೈಕಾ ಪ್ಲೈವುಡ್ಡಿನ ಮೇಲೆ ಮುಖ ಕೆಳಗಾಗಿ ಹೊಯ್ದದ್ದು ಎಂದು ತೂತುಗಳನ್ನು ನೋಡಿದರೆ ತಿಳಿಯುತ್ತದೆ. ಅದಕ್ಕೆ ಕರಣೆ ತಾಗಿಯೇ ಇಲ್ಲ.

ಈಗ ನಿಮ್ಮ ಹಲಗೆಯ ಸ್ಥಿತಿಗೆ ಬರೋಣ. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456ರ ಪ್ರಕಾರ ಸಾದಾ ಓಪಿಸಿ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಪಿಪಿಸಿಗೆ ಕನಿಷ್ಠ 10 ದಿನ ನೀರುಣಿಸಬೇಕು. ನಿಮ್ಮದು 12 ದಿನ ಆಗಿದೆ. ಗೋಣಿಚೀಲ ಹಾಸಿ ತೇವ ಇಟ್ಟಿದ್ದರೆ ಸಾಕು, ಇವತ್ತಿಗೆ ನೀರು ನಿಲ್ಲಿಸಿ. ಟೆರೇಸ್ ಮೇಲೆ ಇನ್ನೊಂದು ಮಳೆಗೂ ಒಡ್ಡಬೇಡಿ, ಮನೆಯೊಳಗೆ ತನ್ನಿ.

ತರುವುದು ಹೇಗೆ ಎನ್ನುವುದು ಸಣ್ಣ ವಿಷಯವಲ್ಲ. ಕಾಂಕ್ರೀಟ್ ಘನ ಮೀಟರಿಗೆ ಸುಮಾರು 2400 ಕಿಲೋ. ಆ ಲೆಕ್ಕದಲ್ಲಿ ನಿಮ್ಮ ಹಲಗೆ 62 ಕಿಲೋ ಆಗುತ್ತದೆ. ಲಿಫ್ಟಿಗೆ ಇದು ಒಬ್ಬ ಮನುಷ್ಯನ ತೂಕ, ಚಿಂತೆಯಿಲ್ಲ. ಆದರೆ ಅಡ್ಡಲಾಗಿ ಮಂಚದ ಹಾಗೆ ಎತ್ತಬೇಡಿ. ನಡುವೆ ಆಧಾರವಿಲ್ಲದೆ ಬಳುಕಿದರೆ ಕಣ್ಣಿಗೆ ಕಾಣದ ಬಿರುಕು ಹುಟ್ಟುತ್ತದೆ, ಮುಂದೆ ಸೀಲರ್ ಹಚ್ಚಿದ ದಿನ ಕೂದಲೆಳೆಯಾಗಿ ಎದ್ದು ಕಾಣುತ್ತದೆ. ಕಿಟಕಿಯ ಗಾಜನ್ನು ಹೇಗೆ ಸಾಗಿಸುತ್ತಾರೋ ಹಾಗೆ, ಉದ್ದನೆಯ ಅಂಚಿನ ಮೇಲೆ ನಿಲ್ಲಿಸಿ, ಮೂವರು ಸೇರಿ ಹೊರಬೇಕು. ಕೆಳಗಿಡುವಾಗ ಥರ್ಮಾಕೋಲ್ ಅಥವಾ ಹಳೆಯ ಚಾಪೆ ಇರಲಿ, ಬರಿಯ ಟೈಲ್ಸಿನ ಮೇಲೆ ಮೂಲೆ ತಾಗಿದರೆ ಚಕ್ಕೆ ಹಾರಿತೆಂದೇ ತಿಳಿಯಿರಿ.

ಒಳಗೆ ತಂದ ಮೇಲೆ ನೆಲಕ್ಕೆ ಚಪ್ಪಟೆಯಾಗಿ ಮಲಗಿಸಬೇಡಿ. ಮೇಲುಮುಖ ಮಾತ್ರ ಒಣಗಿ ಕುಗ್ಗಿದರೆ, ಕೆಳಗಿನದು ಒದ್ದೆಯಾಗಿಯೇ ಉಳಿದರೆ, ಅಂಚುಗಳು ಹಪ್ಪಳದ ಹಾಗೆ ಮೇಲೇಳುತ್ತವೆ. ಮೂರು ಮರದ ಪಟ್ಟಿಗಳ ಮೇಲೆ ಇಟ್ಟು, ಮೇಲೂ ಕೆಳಗೂ ಗಾಳಿಯಾಡುವಂತೆ ಫ್ಯಾನ್ ಹಾಕಿ. ಪುಣೆಯ ಆಗಸ್ಟ್ ತಿಂಗಳ ಗಾಳಿಯಲ್ಲಿ ತೇವಾಂಶ ಶೇಕಡಾ 80ರ ಆಚೀಚೆ. ಅಂಥ ಗಾಳಿಯಲ್ಲಿ ಒಗೆದ ಬಟ್ಟೆಯೇ ಎರಡು ದಿನ ಒಣಗುವುದಿಲ್ಲ, ಒಂದೂವರೆ ಇಂಚಿನ ಕಾಂಕ್ರೀಟ್ ಹೇಗೆ ಒಣಗೀತು? ಎಸಿ ಇರುವ ಕೋಣೆಯಲ್ಲಿ ಇಡಲು ಮನೆಯವರು ಒಪ್ಪಿದರೆ ಅದಕ್ಕಿಂತ ಒಳ್ಳೆಯದಿಲ್ಲ. ಹೊಯ್ದ ದಿನದಿಂದ 28 ದಿನವಾದರೂ ಕಳೆಯುವವರೆಗೆ ಪೊರೆಯ ಸೀಲರಿನ ಡಬ್ಬಿ ತೆರೆಯಬೇಡಿ.

ನಾನು ಒಮ್ಮೆ ತೆರೆದೆ. ಮುಂಬೈಯ ಮುಲುಂಡ್‌ನಲ್ಲಿ, ಜುಲೈ ತಿಂಗಳು, ಗೃಹಪ್ರವೇಶದ ಮುಹೂರ್ತ ಗೊತ್ತಾಗಿಬಿಟ್ಟಿತ್ತು. ಕೈಗೆ ಒಣಗಿದಂತೆ ಕಂಡಿತು, 15ನೇ ದಿನಕ್ಕೆ ಹಚ್ಚಿದೆ. ಪೂಜೆಯ ದಿನ ಎಲ್ಲರೂ ಮೆಚ್ಚಿದರು. ಮೂರು ವಾರಕ್ಕೆ ಫೋನ್ ಬಂತು, ಬೇಸಿನ್ ಸುತ್ತ ಹಾಲು ಚೆಲ್ಲಿದ ಹಾಗೆ ಬಿಳಿಚಿಕೊಂಡಿದೆ ಎಂದು. ಒಳಗಿನ ತೇವ ಹೊರಬರಲು ದಾರಿಯಿಲ್ಲದೆ ಪೊರೆಯ ಕೆಳಗೆ ಸಿಕ್ಕಿಕೊಂಡಿತ್ತು. ಪೊರೆಯನ್ನೆಲ್ಲ ಉಜ್ಜಿ ತೆಗೆದು, ದೀಪಾವಳಿ ಕಳೆದ ಮೇಲೆ ಮತ್ತೆ ಹಚ್ಚಿಕೊಟ್ಟೆ, ನನ್ನದೇ ಖರ್ಚಿನಲ್ಲಿ. ಆವತ್ತಿನಿಂದ ಕೈಯಿಂದ ಮುಟ್ಟಿ ನೋಡುವುದನ್ನು ಬಿಟ್ಟಿದ್ದೇನೆ. ಪಾರದರ್ಶಕ ಪ್ಲಾಸ್ಟಿಕ್ ಹಾಳೆ, 18 ಇಂಚು ಚೌಕ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಕನಿಷ್ಠ 16 ತಾಸು ಬಿಡುತ್ತೇನೆ. ತೆಗೆದಾಗ ಹಾಳೆಯ ಒಳಗೆ ಬೆವರು ಕಂಡರೆ, ಅಥವಾ ಅಲ್ಲಿಯ ಕಾಂಕ್ರೀಟ್ ಸುತ್ತಲಿಗಿಂತ ಕಪ್ಪಾಗಿದ್ದರೆ, ಇನ್ನೂ ಕಾಯಬೇಕು. ಇದು ಅಮೆರಿಕದ ಮಾನದಂಡ ಸಂಸ್ಥೆ ಎಎಸ್‌ಟಿಎಂನ ಡಿ4263 ಎಂಬ ಪರೀಕ್ಷೆ, ಖರ್ಚು ಒಂದು ಟೇಪಿನದು.

ಬಿಳಿ ಮಚ್ಚೆಗಳಿಗೆ ಎರಡು ಕಾರಣ ಇರಬಹುದು. ಟೆರೇಸಿನ ಮಳೆನೀರು ಒಳಗಿನ ಸುಣ್ಣವನ್ನು ಕರಗಿಸಿಕೊಂಡು ಮೇಲೆ ತಂದು ಬಿಟ್ಟಿದ್ದರೆ ಅದು ಉಪ್ಪರಳಿದ್ದು; ಬೆರಳಲ್ಲಿ ಉಜ್ಜಿದರೆ ಪುಡಿ ಬರುತ್ತದೆ. ಮುಚ್ಚಿದ ಪ್ಲಾಸ್ಟಿಕ್ ತಾಡಪತ್ರಿ ಕೆಲವು ಕಡೆ ಅಂಟಿಕೊಂಡು ಕೆಲವು ಕಡೆ ಎದ್ದಿದ್ದರೆ ಆ ಸುಕ್ಕುಗಳ ನಕ್ಷೆಯೇ ಬಣ್ಣದ ವ್ಯತ್ಯಾಸವಾಗಿ ಮೂಡುತ್ತದೆ. ಅದರಲ್ಲಿ ಪುಡಿ ಬರುವುದಿಲ್ಲ. ಎರಡಕ್ಕೂ ಆಸಿಡ್ ವಾಶ್ ಮಾಡೋಣ ಎಂದು ಗವಂಡಿ ಹೇಳಿಯಾನು. ಬೇಡ. ಮೇಲಿನ ನುಣುಪು ಪದರವೇ ಹೋಗಿ ಮರಳು ಕಾಣುತ್ತದೆ. ಪಾಲಿಶ್ ಪ್ಯಾಡಿಗೆ ಇವೆರಡೂ ಬಹುಮಟ್ಟಿಗೆ ಹೋಗುತ್ತವೆ.

ಪಾಲಿಶ್ ಕೆಲಸವನ್ನು ಮಾತ್ರ ಯಾರಿಗೋ ಒಪ್ಪಿಸಿ ಕಚೇರಿಗೆ ಹೋಗಿಬಿಡಬೇಡಿ, ಎದುರಿಗೆ ನಿಂತು ಮಾಡಿಸಿ. ಬೇಕಾದದ್ದು 4 ಇಂಚಿನ ಡೈಮಂಡ್ ಪ್ಯಾಡುಗಳು ಮತ್ತು ವೇಗ ಇಳಿಸಬಹುದಾದ ಗ್ರೈಂಡರ್. ರವಿವಾರ ಪೇಠೆಯ ಬೋಹ್ರಿ ಆಳಿಯಲ್ಲಿ ಸುತ್ತಾಡಿದರೆ ಸಿಗುತ್ತವೆ. ಗ್ರಾನೈಟ್ ಕತ್ತರಿಸುವ ಸಾದಾ ಗ್ರೈಂಡರ್ ನಿಮಿಷಕ್ಕೆ 11,000 ಸುತ್ತಿನ ಆಸುಪಾಸು ತಿರುಗುತ್ತದೆ, ಈ ಪ್ಯಾಡುಗಳಿಗೆ ಅದರ ಅರ್ಧಕ್ಕಿಂತ ಕಡಿಮೆ ಸಾಕು. ಜೋರಾಗಿ ತಿರುಗಿದರೆ ಪ್ಯಾಡೂ ಸುಡುತ್ತದೆ, ಕಾಂಕ್ರೀಟಿನ ಮೇಲೆ ಕಂದು ಬಳೆಗಳೂ ಮೂಡುತ್ತವೆ. ಒಣಗಿದ್ದಾಗ ಉಜ್ಜಲೇಬೇಡಿ, ಆ ದೂಳು ಶ್ವಾಸಕೋಶದಲ್ಲಿ ಕೂತರೆ ಹೊರಗೆ ಬರುವುದಿಲ್ಲ. ನೀರು ಹನಿಸುತ್ತಾ ಉಜ್ಜಬೇಕು. ನೀರು ಇರುವ ಕಡೆ ಕರೆಂಟು, ಆದ್ದರಿಂದ ಯಂತ್ರ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್ಚು) ಇರುವ ಸಾಲಿನಿಂದಲೇ ನಡೆಯಲಿ. ಗವಂಡಿ "ಏನಾಗಂಗಿಲ್ರೀ ಸಾಹೇಬ್ರ" ಎಂದರೂ ಇದನ್ನು ಬಿಟ್ಟುಕೊಡಬೇಡಿ.

ಎಷ್ಟು ಆಳ ಉಜ್ಜಬೇಕು ಎನ್ನುವುದು ರುಚಿಯ ಪ್ರಶ್ನೆ. 50ರ ಪ್ಯಾಡಿನಿಂದ (ಅಂಕೆ ಚಿಕ್ಕದಾದಷ್ಟೂ ಪ್ಯಾಡು ಒರಟು) ಶುರು ಮಾಡಿದರೆ ಒಳಗಿನ ಖಡಿ, ಅಂದರೆ ಜಲ್ಲಿ, ತೆರೆದುಕೊಳ್ಳುತ್ತದೆ. ಪುಣೆಯ ಸುತ್ತಲಿನ ಖಾಣಿಗಳದ್ದೆಲ್ಲ ದಖನ್ನಿನ ಕರಿಯ ಬಸಾಲ್ಟ್, ಬೂದು ಸಿಮೆಂಟಿನಲ್ಲಿ ಎಳ್ಳು ಚೆಲ್ಲಿದ ಹಾಗೆ ಕಾಣುತ್ತದೆ. ನನಗೆ ಅದು ಚಂದ. ಆದರೆ ಒಮ್ಮೆ ಆ ಆಳಕ್ಕೆ ಇಳಿದರೆ ಇಡೀ ಹಲಗೆಗೆ ಒಂದೇ ಸಮ ಇಳಿಯಬೇಕು, ಹೊಸ ಕೈಗೆ ಅದು ಕಷ್ಟ. ಜೊತೆಗೆ ಒಳಗಿನ ಹೊಸ ತೂತುಗಳು ಬಾಯಿ ಬಿಡುತ್ತವೆ. ನಿಮಗೆ ನಾನು ಹೇಳುವುದು 200ರ ಪ್ಯಾಡಿನಿಂದ ಮೆಲ್ಲಗೆ ಒಂದು ಸುತ್ತು, ಕೆನೆಪದರ ಉಳಿಯುವಂತೆ. ಅಲ್ಲಿಗೆ ನಿಲ್ಲಿಸಿ ತೂತು ತುಂಬಿ.

ತೂತು ತುಂಬಲು ಹಲಗೆಗೆ ಬಳಸಿದ ಅದೇ ಸಿಮೆಂಟು, ಮರಳಿಲ್ಲದೆ, ಸ್ವಲ್ಪ ಅಕ್ರಿಲಿಕ್ ಲೇಟೆಕ್ಸ್ ಬೆರೆಸಿದ ನೀರಿನಲ್ಲಿ ಬೆಣ್ಣೆಯ ಹದಕ್ಕೆ ಕಲಸಿ. ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ: ನೀರು ಕಡಿಮೆಯಿರುವ ಈ ಲೇಪ ಒಣಗಿದ ಮೇಲೆ ಸುತ್ತಲಿಗಿಂತ ಕಪ್ಪಾಗುತ್ತದೆ. ಕಟ್ಟೆಗೆ ಸಿಡುಬಿನ ಕಲೆ ಬಂದ ಹಾಗಿರುತ್ತದೆ. ಕಾಲು ಪಾಲು ಬಿಳಿ ಸಿಮೆಂಟು ಸೇರಿಸಿ, ಹಲಗೆಯ ಅಡಿಭಾಗದಲ್ಲಿ ಮೂರು ನಾಲ್ಕು ಪ್ರಮಾಣಗಳ ಚುಕ್ಕೆ ಹಚ್ಚಿ, ಒಣಗಲು ಬಿಟ್ಟು, ಬಣ್ಣ ಕೂಡಿದ್ದನ್ನು ಆರಿಸಿ. ರಬ್ಬರ್ ಕೈಗವಸು ಹಾಕಿಕೊಂಡು ಅಂಗೈಯಿಂದ ಸುತ್ತು ಸುತ್ತಾಗಿ ತಿಕ್ಕಿ ತುಂಬಬೇಕು. ಹಸಿ ಸಿಮೆಂಟು ಚರ್ಮ ತಿನ್ನುತ್ತದೆ. ಎರಡು ದಿನ ಒದ್ದೆ ಬಟ್ಟೆ ಮುಚ್ಚಿಟ್ಟು, ಮತ್ತೆ 200, ಆಮೇಲೆ 400. ಪಾಲಿಯುರಿಥೇನ್ ಹಚ್ಚುವುದಾದರೆ 400ಕ್ಕೆ ನಿಲ್ಲಿಸಿ. ಕನ್ನಡಿಯಂತೆ ಹೊಳೆಯಿಸಿದರೆ ಪೊರೆಗೆ ಹಿಡಿತ ಸಿಗುವುದಿಲ್ಲ. 800, 1500ಕ್ಕೆ ಹೋಗುವುದು ಒಳಗಿಳಿಯುವ ಸೀಲರ್ ಆರಿಸಿದವರು.

ಅಂಡರ್‌ಕೌಂಟರ್ ಬೇಸಿನ್ ಬೇಡ. ಅದಕ್ಕೆ ಅಚ್ಚಿನಲ್ಲೇ ದೊಡ್ಡ ತೆರಪು ಬಿಟ್ಟು, ಅದರ ಮುಂದೆ ಹಿಂದೆ ಉಳಿಯುವ ಸಣ್ಣ ಪಟ್ಟಿಗಳಲ್ಲಿ ಸರಳು ಹಾಕಿ ಹೊಯ್ಯಬೇಕಿತ್ತು. ಈಗ ಅಷ್ಟಗಲ ಕತ್ತರಿಸಿದರೆ ಒಳಗಿನ ಜಾಲಿ ತುಂಡಾಗುತ್ತದೆ, ಕತ್ತರಿಸಿದ ತಂತಿಯ ತುದಿಗಳು ಬೇಸಿನ್ನಿನ ಪಸೆಯಲ್ಲಿ ತುಕ್ಕು ಹಿಡಿಯುತ್ತವೆ, ಮೂರು ಇಂಚಿನ ಮುಂಪಟ್ಟಿ ಎತ್ತುವಾಗಲೇ ಸೀಳುತ್ತದೆ. ಮೇಲೆ ಕೂರುವ ಟೇಬಲ್‌ಟಾಪ್ ಬೇಸಿನ್ ತನ್ನಿ. ಅದಕ್ಕೆ ಬೇಕಾದದ್ದು 45 ಮಿಲಿಮೀಟರಿನ ಒಂದು ತೂತು. ಗೋಡೆಯ ಟೈಲ್ಸ್ ಹೇಗೂ ಬದಲಾಗುತ್ತಿರುವುದರಿಂದ ನಲ್ಲಿಯನ್ನು ಗೋಡೆಗೇ ಹಾಕಿಸಿ. ಕಟ್ಟೆಯ ಮೇಲೆ ನಲ್ಲಿ ನಿಂತರೆ ಅದರ ಬುಡದಲ್ಲಿ ಯಾವಾಗಲೂ ನೀರು ನಿಂತಿರುತ್ತದೆ, ಗಡಸು ನೀರಿನ ಬಿಳಿ ಬಳೆ ಮೊದಲು ಕಟ್ಟುವುದು ಅಲ್ಲಿಯೇ. ಕಟ್ಟೆಯ ಮೇಲೆಯೇ ಬೇಕೆಂದರೆ ಸಿಂಗಲ್ ಲಿವರ್ ಮಿಕ್ಸರಿಗೆ ಸಾಮಾನ್ಯವಾಗಿ 35 ಮಿಲಿಮೀಟರ್ ತೂತು. ಇವನ್ನು ಡೈಮಂಡ್ ಕೋರ್ ಬಿಟ್ಟಿನಿಂದ, ನೀರು ಬಿಡುತ್ತಾ, ಅಡಿಗೆ ಮರದ ತುಂಡು ಒತ್ತಿ ಹಿಡಿದು ಕೊರೆಯಬೇಕು. ಹ್ಯಾಮರ್ ಮೋಡಿನ ಡ್ರಿಲ್ ಹತ್ತಿರಕ್ಕೂ ಬಿಡಬೇಡಿ. ಟೇಬಲ್‌ಟಾಪ್ ಬೇಸಿನ್ 5-6 ಇಂಚು ಎತ್ತರ ಇರುತ್ತದೆ. ಬೇಸಿನ್ನಿನ ಬಾಯಿ ನೆಲದಿಂದ 850 ಮಿಲಿಮೀಟರಿಗೆ ಬರಬೇಕಾದರೆ ಕಟ್ಟೆ 700ರ ಸುಮಾರಿಗೆ ಇಳಿಯಬೇಕು. ಗವಂಡಿಗಳು ಅಭ್ಯಾಸಬಲದಿಂದ 32 ಇಂಚಿಗೆ ಗುರುತು ಹಾಕಿಬಿಡುತ್ತಾರೆ, ಆಮೇಲೆ ಅತ್ತೆಯವರು ತುದಿಗಾಲಲ್ಲಿ ನಿಂತು ಮುಖ ತೊಳೆಯಬೇಕಾಗುತ್ತದೆ.

ಆಧಾರದ ವಿಷಯದಲ್ಲಿ ಮೊದಲು ಗೋಡೆ ಯಾವುದೆಂದು ತಿಳಿಯಿರಿ. ಕಾಣದ ಜಾಗದಲ್ಲಿ ಒಂದು ಸಣ್ಣ ತೂತು ಕೊರೆಯಿರಿ. ಕೆಂಪು ಪುಡಿ ಬಂದರೆ ಇಟ್ಟಿಗೆ. ಬೂದು ಪುಡಿ ಬಂದು ಡ್ರಿಲ್ ಮುಂದೆ ಹೋಗಲು ಹಟ ಮಾಡಿದರೆ ಕಾಂಕ್ರೀಟ್ ಗೋಡೆ. ಡ್ರಿಲ್ ಬಿಟ್ ಬೆಣ್ಣೆಗೆ ಇಳಿದಂತೆ ಇಳಿದು ಹಿಟ್ಟಿನಂಥ ಬೂದುಬಿಳಿ ಪುಡಿ ಬಂದರೆ ಎಎಸಿ ಬ್ಲಾಕ್, ಅಂದರೆ ಒಳಗೆ ಗಾಳಿಗುಳ್ಳೆ ತುಂಬಿದ ಹಗುರ ಸಿಮೆಂಟು ಬ್ಲಾಕ್. ಕಾಂಕ್ರೀಟ್ ಗೋಡೆಯಾದರೆ 10 ಮಿಲಿಮೀಟರ್ ಆಂಕರ್ ಬೋಲ್ಟುಗಳಲ್ಲಿ ಮೂರು ಬ್ರಾಕೆಟ್ ಕೂರಿಸಿ ನಿಶ್ಚಿಂತೆಯಿಂದಿರಿ. ಎಎಸಿ ಆದರೆ ಗೋಡೆಯನ್ನು ನಂಬಬೇಡಿ. ಹಲಗೆ 62 ಕಿಲೋ, ಬೇಸಿನ್ ಮತ್ತು ನೀರು ಸೇರಿ ಇನ್ನೊಂದು 15, ಮೇಲೆ ಯಾರಾದರೂ ಮುಂದಿನ ಅಂಚಿಗೆ ಕೈಯೂರಿ ಬಗ್ಗಿದರೆ ಅವರ ಭಾರ. ಮುಂದೆ ಒತ್ತಿದಷ್ಟೂ ಮೇಲಿನ ಬೋಲ್ಟು ಹೊರಗೆ ಕೀಳುತ್ತದೆ. ಅಂಥ ಕಡೆ ನಮ್ಮ ಮಹಾರಾಷ್ಟ್ರದ ಹಳೆಯ ಪದ್ಧತಿಯೇ ವಾಸಿ: ಎರಡು ಕಡಪಾ ಕಲ್ಲುಗಳನ್ನು ನೆಲದಿಂದ ನಿಲ್ಲಿಸಿ ಅದರ ಮೇಲೆ ಹಲಗೆ. ನೋಡಲು ಹಗುರ ಇರಬೇಕೆಂದರೆ ನೆಲಕ್ಕೆ ಕಾಲೂರಿದ ಸ್ಟೀಲ್ ಫ್ರೇಮ್. ಬ್ರಾಕೆಟ್ಟಾದರೆ 40×40×5 ಮಿಲಿಮೀಟರ್ ಆ್ಯಂಗಲ್, ಚಾಚು ಕನಿಷ್ಠ 15 ಇಂಚು, ಗ್ಯಾಲ್ವನೈಸ್ ಮಾಡಿದ್ದು. ಬರಿಯ ಬಣ್ಣ ಬಳಿದ ಕಬ್ಬಿಣ ಒಂದೆರಡು ಮಳೆಗಾಲಕ್ಕೆ ಗೋಡೆಯ ಮೇಲೆ ಕೆಂಪು ಗೆರೆ ಎಳೆಯುತ್ತದೆ.

ಕೂರಿಸುವ ಕ್ರಮ ಹೇಳುತ್ತೇನೆ, ಹಿಂದುಮುಂದು ಮಾಡಬೇಡಿ. ಮೊದಲು ಸೀಲರ್ ಇಲ್ಲದೆ ಹಲಗೆಯನ್ನು ಜಾಗದಲ್ಲಿಟ್ಟು ನೋಡಬೇಕು. ಯಾವ ಬಾತ್‌ರೂಮಿನ ಗೋಡೆಯೂ ಲಂಬಕೋನಕ್ಕೆ ಇರುವುದಿಲ್ಲ. ಎಲ್ಲಿ ತಾಗುತ್ತದೆ ಎಂದು ಗುರುತು ಮಾಡಿ, ಉಜ್ಜಿ, ಸುತ್ತ 3 ಮಿಲಿಮೀಟರ್ ಸಂದು ಬರುವ ಹಾಗೆ ಮಾಡಿ. ತೂತು ಕೊರೆದು, ಬೇಸಿನ್ ಇಟ್ಟು, ಕೆಳಗಿನ ಪೈಪು ಸರಿಹೊಂದುತ್ತದೆಯೇ ನೋಡಿ. ಮುಂದಿನ ಅಂಚಿನ ಅಡಿಗೆ ಉದ್ದಕ್ಕೂ ಸಣ್ಣ ತೋಡುಗೆರೆಯೊಂದನ್ನು ಕೊರೆದರೆ ನೀರು ಹಿಂದಕ್ಕೆ ಹರಿಯದೆ ಅಲ್ಲೇ ತೊಟ್ಟಿಕ್ಕುತ್ತದೆ. ಆಮೇಲೆ ಹಲಗೆಯನ್ನು ಹೊರಗೆ ತೆಗೆದು ಸೀಲ್ ಮಾಡುವುದು. ಕೂರಿಸಿದ ಮೇಲೆ ಸೀಲ್ ಮಾಡುತ್ತೇನೆ ಎನ್ನುವವರ ಕೈ ಹಿಂದಿನ ಅಂಚಿಗೂ ತೂತಿನ ಒಳಗೋಡೆಗೂ ಹೋಗುವುದಿಲ್ಲ. ನೀರು ಒಳಹೊಕ್ಕುವುದು ಅಲ್ಲಿಂದಲೇ, ಪೊರೆ ಏಳುವುದೂ ಅಲ್ಲಿಂದಲೇ. ಮೇಲ್ಮೈ, ನಾಲ್ಕೂ ಅಂಚು, ತೂತಿನ ಒಳಗೋಡೆಗೆ ಪಾಲಿಯುರಿಥೇನ್. ಅಡಿಭಾಗಕ್ಕೆ ಒಳಗಿಳಿಯುವ ಸಿಲೇನ್, ಅಳಿದುಳಿದ ಆವಿ ಹೊರಹೋಗಲು ಒಂದು ದಾರಿ ಇರಲಿ.

ಎರಡು ಭಾಗದ ಸೀಲರನ್ನು ಕಣ್ಣಳತೆಯಲ್ಲಿ ಬೆರೆಸಬೇಡಿ, ಅಡುಗೆಮನೆಯ ಡಿಜಿಟಲ್ ತಕ್ಕಡಿ ಬಳಸಿ, ಒಮ್ಮೆಗೆ ಒಂದು ಕೋಟ್‌ಗೆ ಬೇಕಾದಷ್ಟೇ. ತೆಳ್ಳಗೆ ಮೂರು ಕೋಟು, ಮೈಕ್ರೋಫೈಬರ್ ರೋಲರಿನಲ್ಲಿ. ದಪ್ಪಗೆ ಒಂದು ಕೋಟು ಹಾಕಿದರೆ ಗುಳ್ಳೆ ಬರುತ್ತದೆ. ಮಳೆ ಹೊಯ್ಯುವ ದಿನ ಹಚ್ಚಬೇಡಿ, ಫ್ಯಾನ್ ಕೂಡ ಆರಿಸಿ, ದೂಳು ಕೂರುತ್ತದೆ. ಆಮೇಲೆ 7 ದಿನ ನೀರು ಸೋಕಿಸದೆ ಬಿಡಿ. ಮುಟ್ಟಿದರೆ ಎರಡನೇ ದಿನಕ್ಕೇ ಗಟ್ಟಿ ಅನ್ನಿಸುತ್ತದೆ, ಒಳಗಿನ ಗಟ್ಟಿತನ ಬರಲು ಅಷ್ಟು ದಿನ ಬೇಕು.

ಕೊನೆಗೆ ಕೂರಿಸುವಾಗ ಸಿಮೆಂಟು ಗಾರೆ, ಟೈಲ್ ಅಂಟು ಏನೂ ಬೇಡ. ಆಧಾರದ ಮೇಲೆ ಗೇಣಿಗೊಂದು ಸಿಲಿಕೋನ್ ಬೊಟ್ಟು ಇಟ್ಟು, ರಸಮಟ್ಟ ನೋಡಿ, ಬೇಕಾದಲ್ಲಿ ಪ್ಲಾಸ್ಟಿಕ್ ಬಿಲ್ಲೆ ಕೊಟ್ಟು ಕೂರಿಸಿದರೆ ಅದರ ಭಾರಕ್ಕೇ ಅದು ಕದಲುವುದಿಲ್ಲ. ಮುಂದೆಂದಾದರೂ ತೆಗೆಯಬೇಕಾದರೆ ತಂತಿಯೆಳೆದು ಬಿಡಿಸಬಹುದು. ಸಿಲಿಕೋನ್ ಕೊಳ್ಳುವಾಗ ಟ್ಯೂಬಿನ ಮೇಲೆ ನ್ಯೂಟ್ರಲ್ ಎಂದು ಬರೆದಿದೆಯೇ ನೋಡಿ. ಅಂಗಡಿಯಲ್ಲಿ ಕೇಳದೆಯೇ ಕೊಡುವ ಅಗ್ಗದ ಟ್ಯೂಬು ಗಟ್ಟಿಯಾಗುವಾಗ ವಿನೆಗರ್ ವಾಸನೆ ಬರುತ್ತದೆ, ಅದು ನಿಜವಾಗಿಯೂ ಅಸಿಟಿಕ್ ಆಮ್ಲವೇ. ಸಿಮೆಂಟಿನ ಸುಣ್ಣಕ್ಕೂ ಅದಕ್ಕೂ ಆಗಿಬರುವುದಿಲ್ಲ, ಸ್ವಲ್ಪ ದಿನಕ್ಕೆ ಅಂಟು ಬಿಟ್ಟು ಸಂದು ಬಾಯಿ ತೆರೆಯುತ್ತದೆ. ನೋಡಿ, ಹುಳಿ ಇಲ್ಲೂ ಬಂತು. ಬೇಸಿನ್ ಅಡಿಗೂ ಅದೇ ನ್ಯೂಟ್ರಲ್ ಸಿಲಿಕೋನ್. ಪ್ಲಂಬರ್ ತರುವ ಎಣ್ಣೆಯ ಪುಟ್ಟಿ ಬೇಡ, ಸೀಲ್ ತಪ್ಪಿದ ಒಂದು ಚೂರು ಜಾಗ ಸಿಕ್ಕರೂ ಎಣ್ಣೆ ಹೀರಿ ಕಪ್ಪು ವರ್ತುಲ ಉಳಿಯುತ್ತದೆ.

ದಿನನಿತ್ಯಕ್ಕೆ ಬಟ್ಟಲಿನಲ್ಲಿ ಎರಡು ಹನಿ ಶಾಂಪೂ, ಮೆದು ಬಟ್ಟೆ, ರಾತ್ರಿ ಮಲಗುವ ಮುನ್ನ ಒಮ್ಮೆ ಒಣಗುವಂತೆ ಒರೆಸುವುದು. ಗಡಸು ನೀರಿಗೆ ಮದ್ದು ಇದೊಂದೇ: ಹನಿ ಒಣಗಲು ಬಿಡದಿರುವುದು. ಮನೆಗೆಲಸದಾಕೆಗೆ ಮೊದಲ ದಿನವೇ ತೋರಿಸಿ ಹೇಳಿ, ಆಸಿಡ್ ಬಾಟಲಿಯನ್ನು ಆ ಕೋಣೆಯಿಂದಲೇ ತೆಗೆದಿಡಿ. ಮೆಹಂದಿ, ಡೈ ಇರುವ ದಿನ ಕಟ್ಟೆಯ ಮೇಲೆ ಒಂದು ಸ್ಟೀಲ್ ತಾಟು. ವರ್ಷಕ್ಕೊಮ್ಮೆ ನಾಲ್ಕು ಕಡೆ ನೀರಿನ ಹನಿ ಇಟ್ಟು ಕಾಲು ತಾಸು ಬಿಟ್ಟು ಒರೆಸಿ. ಕೆಳಗೆ ಕಪ್ಪಾಗಿದ್ದರೆ ಅಲ್ಲಿ ಸೀಲ್ ಸವೆದಿದೆ ಎಂದರ್ಥ, 400ರ ಪ್ಯಾಡಿನಿಂದ ಹಗುರಾಗಿ ಉಜ್ಜಿ ಇನ್ನೊಂದು ಕೋಟು.

ಇನ್ನು ಚತುರ್ಥಿಯ ಉಪಾಯ. 28 ದಿನ ತುಂಬಲು ಇನ್ನು 16 ದಿನ, ಸೀಲರಿಗೆ 3 ದಿನ, ಒಣಗಲು 7 ದಿನ, ಎಲ್ಲ ಸುಸೂತ್ರವಾದರೂ 26 ದಿನ. ಮಳೆ ಬಿಡದಿದ್ದರೆ ಅದಕ್ಕೂ ಹೆಚ್ಚು. ಹಾಗಾಗಿ ಆಧಾರವನ್ನು ಈ ವಾರವೇ ನಿಲ್ಲಿಸಿ. ಅದರ ಮೇಲೆ 4 ಅಡಿಗೆ 22 ಇಂಚಿನ 18 ಮಿಲಿಮೀಟರ್ ಮರೈನ್ ಪ್ಲೈ ಇಟ್ಟು, ಅದರಲ್ಲೇ ತೂತು ಕೊರೆದು, ಹೊಸ ಬೇಸಿನ್ನನ್ನೇ ಕೂರಿಸಿ, ನಲ್ಲಿ ಜೋಡಿಸಿ. ಕಾಂಕ್ರೀಟಿನ ದಪ್ಪಕ್ಕೆ ಸರಿಯಾಗಲು ಅಡಿಗೆ ಇನ್ನೊಂದು ಪಟ್ಟಿ ಕೊಟ್ಟರೆ ಎತ್ತರವೂ ಅದೇ ಬರುತ್ತದೆ. ಅತ್ತೆಯವರಿಗೆ ಎತ್ತರ ಸರಿಯಿದೆಯೇ, ನೀರು ಎಲ್ಲಿ ಸಿಡಿಯುತ್ತದೆ, ಗೋಡೆ ಎಲ್ಲಿ ಡೊಂಕು, ಎಲ್ಲ ಈ ಎರಡು ವಾರದಲ್ಲಿ ತಿಳಿಯುತ್ತದೆ. ತಪ್ಪಿದ ತೂತು ಪ್ಲೈಯಲ್ಲಿ ಬಿದ್ದರೆ ನಷ್ಟವಿಲ್ಲ. ಕಡುಬು ತಿಂದ ನೆಂಟರು ಕೈ ತೊಳೆದು ಹೋದ ಮೇಲೆ ಆ ಪ್ಲೈಯನ್ನೇ ಕಾಂಕ್ರೀಟಿನ ಮೇಲೆ ಮಲಗಿಸಿ ತೂತಿನ ಗುರುತು ಹಾಕಿಕೊಳ್ಳಿ.